ಎರಡು ಹೆಚ್ಚು, ಎರಡು ಕಡಿಮೆ

ವಾಲ್ಪರೈಸೊದಲ್ಲಿ ಮನುಷ್ಯರಿಗೂ ನೆತ್ತರಿಗೂ ಒಂದೇ ಕಷ್ಟ:
ಮೇಲಕ್ಕೆ ಹತ್ತಬೇಕು.

ಎಲೆಯುತೇರಿಯೊ ಮನ್ಸಿಯಾ, ಎಪ್ಪತ್ತೊಂದು,
ಗಾರ್ಸಾ ಗುಡ್ಡದ ಹಳಿಲಿಫ್ಟಿಗೆ ಮೂವತ್ತೆಂಟು ವರ್ಷ ಯಂತ್ರದಾಳು.
ಒಂದು ಡಬ್ಬಿ ಏರಿದರೆ ಇನ್ನೊಂದು ಇಳಿಯಬೇಕು,
ಇಷ್ಟೇ ಲೆಕ್ಕ, ಎನ್ನುತ್ತಾರೆ. ಎನ್ನುವಾಗ
ಬಲಗಡೆಯ ತುಟಿ ತುಸು ತಡವಾಗಿ ಬರುತ್ತದೆ,
ಮೀನುಪೇಟೆಯಲ್ಲಿ ಎಲ್ಲಕ್ಕಿಂತ ಕೊನೆಗೆ ಏಳುವ
ಮುದಿ ಪೆಲಿಕನ್ನಿನ ಹಾಗೆ.

ಎಡಗತ್ತಿನ ನಾಳ ಅರ್ಧಕ್ಕಿಂತ ಹೆಚ್ಚು ಕಟ್ಟಿದೆ.
ನಾನು ಯಾಸ್ನಾ, ಎರಡನೇ ಮಹಡಿ, ಕಿಟಕಿಯಿಲ್ಲದ ಕೋಣೆ.
ಕಣತಲೆಗೆ ತಣ್ಣನೆ ಜೆಲ್ ಸವರಿ ಕಡ್ಡಿ ಒತ್ತಿದರೆ
ಮೆದುಳಿನ ಒಳನಾಳ ಸದ್ದು ಮಾಡುತ್ತದೆ:
ಹುಶ್, ಹುಶ್,
ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಬರೀ ಎಳೆದಂತೆ.
ನಲವತ್ತೊಂದು. ಸೆಕೆಂಡಿಗೆ ನಲವತ್ತೊಂದು ಸೆಂಟಿಮೀಟರ್.

ಮಾತ್ರೆ ಇದ್ದೇ ಇದೆ, ಬೆಳಿಗ್ಗೆ ಎರಡು, ರಾತ್ರಿ ಒಂದು.
ಅದರ ಜೊತೆಗೆ
(ಜೊತೆಗೆ ಎಂಬುದರ ಕೆಳಗೆ ಡಾಕ್ಟರು ಗೆರೆ ಎಳೆದಿದ್ದಾರೆ)
ಮಂಗಳವಾರ ಸೆನ್ಯೋರಾ ಕುವಾಂಗ್ ಅವರ ಸೂಜಿ,
ನೆತ್ತಿಗೆ ಏಳು, ಮುಂಗೈಗೆ ಎರಡು;
ಗುರುವಾರ ತಂಗಿ ಓಟಿಲಿಯಾಳ ರೇಕಿ,
ಮುಟ್ಟದೆ ಅಂಗೈ ಹಿಡಿದು ನಿಲ್ಲುತ್ತಾಳೆ,
ಹೆಂಚು ಕಾಯಿತೋ ಎಂದು ನೋಡುವವಳಂತೆ.
ಪಕ್ಕದ ಮನೆಯಾಕೆ ಕಿಟಕಿಯಿಂದ ದಾಟಿಸುತ್ತಿದ್ದ
ನಾಗದಾಳಿ ಸೊಪ್ಪಿನ ಕಷಾಯ ಯಾರಿಗೂ ಗೊತ್ತಿರಲಿಲ್ಲ.
ಗೊತ್ತಾದ ಮೇಲೆ ಅದೊಂದನ್ನು ನಿಲ್ಲಿಸಿದೆವು,
ಮಾತ್ರೆಯೊಡನೆ ಜಗಳಕ್ಕೆ ನಿಂತೀತು ಅಂತ.

ಆರು ವಾರ ಅಳೆದೆ.
ಸೂಜಿಯ ನಂತರ ನಲವತ್ತಮೂರು.
ರೇಕಿಯ ನಂತರ ನಲವತ್ತೆರಡು.
ಯಾರೂ ಏನೂ ಮಾಡದೆ, ಸುಮ್ಮನೆ ಸೂರು ನೋಡಿಸಿದ ನಂತರ
ನಲವತ್ತೆರಡು.
ನನ್ನ ಯಂತ್ರವೇ ಎರಡು ಹೆಚ್ಚು, ಎರಡು ಕಡಿಮೆ ಹೇಳುವುದುಂಟು.
ಇದನ್ನು ಓಟಿಲಿಯಾಗೆ ಹೇಗೆ ಹೇಳಲಿ?
ಮೂರು ಬಸ್ಸು ಬದಲಿಸಿ ಬರುತ್ತಾಳೆ.
ತಲೆಗೆ ಹತ್ತಿತಾ, ಎಂದು ಕೇಳುತ್ತಾಳೆ, ನೆತ್ತರನ್ನು ಕುರಿತು.
ನನಗೇ ತಲೆಗೆ ಹತ್ತುತ್ತಿಲ್ಲ ಅನ್ನಲಿಲ್ಲ.

ಕೊನೆಯ ದಿನ, ಫೈಲು ಮುಚ್ಚುವ ಮುಂಚೆ,
ಅವರ ಬೇಸರ ಕಳೆಯಲೆಂದು ಅಂದೆ:
ಕಣ್ಣು ಮುಚ್ಚಿ, ಲಿಫ್ಟನ್ನೊಮ್ಮೆ ನಡೆಸಿ.
ಬಲಗೈ ಹಾಸಿಗೆಯ ಮೇಲೆ ಹಿಡಿಯನ್ನು ಹುಡುಕಿತು.
ಕೆಳಗಿನ ಗಂಟೆ ಆಯಿತು, ಎಂದರು. ಹಗ್ಗ ಬಿಗಿಯಿತು.
ಆಮೇಲೆ ಮಾತಿಲ್ಲ.
ನಲವತ್ತೊಂದು. ನಲವತ್ತಾರು. ಐವತ್ತು.
ಐವತ್ತೇಳು, ಕೋಣೆ ತುಂಬ ಸದ್ದು,
ನಾನು ಕಡ್ಡಿ ಜಾರಿತೇನೋ ಎಂದು ಎರಡು ಸಲ ನೋಡಿದೆ.

ಏನು ಮಾಡಿದಿರಿ?
ಏನಿಲ್ಲ. ಎರಡೂ ಡಬ್ಬಿ ನಡುವಲ್ಲಿ ದಾಟಿದವು.
ಭೂಕಂಪದ ದಿನ ಅಲ್ಲೇ ನಿಂತುಬಿಟ್ಟಿದ್ದವು,
ಎಂಟು ಜನ, ಒಂದು ಬುಟ್ಟಿ ಕೋಳಿ,
ಬ್ರೇಕಿನ ಹಿಡಿ ಇಪ್ಪತ್ತು ನಿಮಿಷ ನನ್ನ ಎದೆಗೆ ಒತ್ತಿಕೊಂಡು.
ಅಂದಿನಿಂದ ಆ ಜಾಗ ದಾಟುವ ತನಕ ಉಸಿರಾಡುವುದಿಲ್ಲ.
ದಿನಕ್ಕೆ ಎಂಬತ್ತು ಸಲ.

ಉಸಿರು ಕಟ್ಟಿದರೆ ರಕ್ತದಲ್ಲಿ ಇಂಗಾಲದ ಗಾಳಿ ಏರುತ್ತದೆ,
ಮೆದುಳಿನ ನಾಳ ಹಿಗ್ಗುತ್ತದೆ. ನಾವು ಓದಿದ ಮೂರನೇ ಪಾಠ.
ಪವಾಡವಲ್ಲ. ಹಾಗೆಂದೇ ಬರೆದೆ.
ಮನೆಯಲ್ಲಿ ಮಾಡಬೇಡಿ, ಎಂದೂ ಹೇಳಿದೆ.
ಸೂಜಿ? ಎಂದರು.
ಅಳತೆಗೆ ಸಿಕ್ಕಿಲ್ಲ, ಅಂದೆ.
ಆಕೆಯ ಕೋಣೆ ಬೆಚ್ಚಗಿದೆ, ಎಂದರು. ಮಂಗಳವಾರ ಬಿಡುವುದಿಲ್ಲ.

ಸಂಜೆ ನಮ್ಮ ಗುಡ್ಡದ ಲಿಫ್ಟು ಕೆಟ್ಟಿತ್ತು.
ನೂರಾ ಅರವತ್ತೆರಡು ಮೆಟ್ಟಿಲು, ಮಂಜು,
ತಿರುವಿಗೊಂದು ಮಲಗಿದ ನಾಯಿ.
ಎಂಬತ್ತೊಂದರಲ್ಲಿ ನಿಂತೆ, ಬಾಯಿ ಮುಚ್ಚಿ.
ಕಿವಿಯೊಳಗೆ ಹುಶ್, ಹುಶ್.
ಎಷ್ಟು ಎಂದು ಹೇಳುವ ಯಂತ್ರ ಇರಲಿಲ್ಲ.
ಖಾಲಿ ಸಿಲಿಂಡರ್ ಹೊತ್ತು ಇಳಿಯುತ್ತಿದ್ದ ಹುಡುಗ
ದಾರಿ ಬಿಡಿ ಅಂದ.
ಬಿಟ್ಟೆ,
ಉಸಿರನ್ನೂ.